ಹಾರುಬೂದಿಯ ಗಾರೆ: ಯಾವ ಲೋಹಕ್ಕೆ ಎಷ್ಟು ಭದ್ರ?



ಸಿಮೆಂಟಿನ ಕಟ್ಟಡವನ್ನು ಕಂಡಾಗ ಅದರ ಹಿಂದೆ ಕರಗಿಹೋದ ಗುಡ್ಡ ಕಣ್ಣಿಗೆ ಬೀಳುವುದಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. ಸುಣ್ಣದಕಲ್ಲನ್ನೂ ಜೇಡಿಮಣ್ಣನ್ನೂ ಬೆರೆಸಿ ಸುಡುವುದೇ ಇದರ ಮೂಲತತ್ತ್ವ. ಇಂದಿನ ಗೂಡುಗಳಲ್ಲಿ ಉಷ್ಣತೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒಂದು ಟನ್ ಕ್ಲಿಂಕರ್ ತಯಾರಾಗುವಾಗ ಸುಣ್ಣದಕಲ್ಲೊಂದರಿಂದಲೇ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ; ಉರುವಲಿನ ಹೊಗೆಯ ಲೆಕ್ಕ ಬೇರೆ. ಗೂಡನ್ನು ಎಷ್ಟೇ ಸುಧಾರಿಸಿದರೂ ಕಲ್ಲಿನೊಳಗಿನ ಅನಿಲ ಹೊರಬರದೆ ಕ್ಲಿಂಕರ್ ಆಗದು. ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಈ ಅನಿಲದಲ್ಲಿ ಶೇಕಡಾ 7-8ರಷ್ಟು ಪಾಲು ಸಿಮೆಂಟಿನದು.

ಸುಣ್ಣದಕಲ್ಲನ್ನು ಸುಡದೆ ಗಾರೆ ಮಾಡಲು ಸಾಧ್ಯವೇ? ಉಕ್ರೇನಿನ ಕೀವ್ ನಗರದಲ್ಲಿ ವಿಕ್ಟರ್ ಗ್ಲುಖೋವ್‌ಸ್ಕಿ 1950ರ ದಶಕದಲ್ಲಿಯೇ ಈ ದಾರಿಯಲ್ಲಿ ಸಂಶೋಧನೆ ನಡೆಸಿದರು. 1970ರ ದಶಕದಲ್ಲಿ ಫ್ರಾನ್ಸಿನ ಜೋಸೆಫ್ ಡೇವಿಡೋವಿಟ್ಸ್ ಇಂತಹ ಬಂಧಕಗಳಿಗೆ ಜಿಯೋಪಾಲಿಮರ್ ಎಂಬ ಹೆಸರಿಟ್ಟರು. ಹಾರುಬೂದಿ, ಸುಟ್ಟ ಕೇವೋಲಿನ್ ಜೇಡಿ ಮೊದಲಾದವುಗಳಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಹೇರಳವಾಗಿರುತ್ತವೆ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟಿನ ದ್ರಾವಣ ಬೆರೆತಾಗ ಅವು ಕರಗಿ, ಪುನಃ ಒಂದಕ್ಕೊಂದು ಹೆಣೆದುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ. ಮಾರುಕಟ್ಟೆಯ ಪಿಪಿಸಿ ಸಿಮೆಂಟಿನಲ್ಲಿಯೂ ಹಾರುಬೂದಿ ಇದೆ. ಆದರೆ ಅಲ್ಲಿ ಕ್ಲಿಂಕರ್ ಇಲ್ಲದೆ ಕೆಲಸ ಸಾಗದು. ಇಲ್ಲಿ ಅದರ ಅಗತ್ಯವಿಲ್ಲ.

ಇದು ಪ್ರಯೋಗಾಲಯದ ಕನಸಾಗಿ ಉಳಿದಿಲ್ಲ. ಆಸ್ಟ್ರೇಲಿಯದ ಟೂವೂಂಬಾ ಸಮೀಪ 2014ರಲ್ಲಿ ತೆರೆದ ವಿಮಾನ ನಿಲ್ದಾಣದಲ್ಲಿ ಸುಮಾರು 40,000 ಘನ ಮೀಟರ್ ಇಂತಹ ಕಾಂಕ್ರೀಟ್ ಬಳಕೆಯಾಯಿತು. ಭಾರತೀಯ ಮಾನಕ ಸಂಸ್ಥೆಯೂ 2020ರಲ್ಲಿ ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಸಾಮಗ್ರಿಗಳಿಗಾಗಿ ಐಎಸ್ 17452 ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಕಚ್ಚಾವಸ್ತುವಿಗಂತೂ ಕೊರತೆಯಿಲ್ಲ. ದೇಶದ ಉಷ್ಣವಿದ್ಯುತ್ ಸ್ಥಾವರಗಳಿಂದ ಈಚಿನ ವರ್ಷಗಳಲ್ಲಿ ಪ್ರತಿವರ್ಷ 30 ಕೋಟಿ ಟನ್‌ಗೂ ಮಿಕ್ಕಿ ಬೂದಿ ಬೀಳುತ್ತಿದೆ. ರಾಯಚೂರು, ಕುಡತಿನಿ, ಘಟ್ಟದ ಕೆಳಗಿನ ಎಲ್ಲೂರು, ಎಲ್ಲ ಕಡೆಯೂ ಕಲ್ಲಿದ್ದಲಿನ ಬೆನ್ನಿಗೆ ಬೂದಿ ಇದ್ದೇ ಇದೆ.

ಆ ಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಮೊದಲಾದವುಗಳ ಅಂಶವೂ ಇರುತ್ತದೆ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಬೂದಿಹೊಂಡದ ಒಡ್ಡು ಕುಸಿದು, ಸುಮಾರು 41 ಲಕ್ಷ ಘನ ಮೀಟರ್ ಕೆಸರು ನದಿಗೂ ನೆಲಕ್ಕೂ ನುಗ್ಗಿತು. ಬೂದಿಯನ್ನು ಹೊಂಡದಲ್ಲಿ ತುಂಬಿಟ್ಟರೆ ಅಪಾಯ ನೀಗಿತೆಂದು ತಿಳಿಯಲಾಗದು. ಹಾಗಾದರೆ ಜಿಯೋಪಾಲಿಮರ್ ಆಗಿಸಿ ವಿಷವನ್ನು ಕಲ್ಲಿನೊಳಗೆ ಸೆರೆಯಿಡಬಹುದಲ್ಲವೆ?

ಇಲ್ಲಿಯೇ ಎಚ್ಚರ ಬೇಕು. ಈ ಬಂಧಕದ ಜಾಲವು ಅಲ್ಯೂಮಿನಿಯಂನ ಕಾರಣದಿಂದ ಋಣವಿದ್ಯುದಂಶವನ್ನು ಪಡೆದಿರುತ್ತದೆ. ಆದುದರಿಂದ ಧನವಿದ್ಯುದಂಶದ ಲೋಹಗಳನ್ನು ಹಿಡಿದಿಡಬಲ್ಲದು. ಸೀಸವನ್ನು ಇದು ಸಾಮಾನ್ಯವಾಗಿ ಚೆನ್ನಾಗಿ ಬಂಧಿಸುತ್ತದೆ. ಸ್ಲೊವಾಕಿಯ ಮತ್ತು ಚೆಕ್ ದೇಶಗಳಲ್ಲಿ ಪರಮಾಣು ಸ್ಥಾವರಗಳ ವಿಕಿರಣಶೀಲ ಕೆಸರನ್ನು ಗಟ್ಟಿಗೊಳಿಸಲು ಇಂತಹ ಬಂಧಕಕ್ಕೆ ಪರವಾನಗಿ ದೊರೆತಿದೆ. ಆದರೆ ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಆಮ್ಲಜನಕದೊಡಗೂಡಿ ಋಣವಿದ್ಯುದಂಶವನ್ನು ಹೊತ್ತಿರುತ್ತವೆ. ಅವುಗಳಿಗೆ ಈ ಜಾಲದಲ್ಲಿ ಬಿಗಿಯಾದ ನೆಲೆಯಿಲ್ಲ. ಜೊತೆಗೆ ತೀವ್ರ ಕ್ಷಾರವೇ ಅವು ಹೊರಜಾರಲು ಅನುಕೂಲವಾಗುತ್ತದೆ. ಸಲ್ಫೈಡ್ ಬೆರೆಸಿ ಕ್ರೋಮಿಯಂನ್ನು ಮೂರು ವೇಲೆನ್ಸಿಗೆ ಇಳಿಸಿದರೆ ಮಾತ್ರ ಅದು ನೆಲೆನಿಲ್ಲುತ್ತದೆ. ಸೀಸಕ್ಕೆ ಸೆರೆಮನೆಯಾದುದು ಆರ್ಸೆನಿಕ್‌ಗೆ ತೆರೆದ ಛತ್ರವಾಗಬಹುದು.

ಪರೀಕ್ಷೆಯ ವಿಚಾರವೂ ಹೀಗೆಯೇ. ಟಿಸಿಎಲ್‌ಪಿ ಎಂಬ ಪ್ರಚಲಿತ ಪರೀಕ್ಷೆಯಲ್ಲಿ ತ್ಯಾಜ್ಯದ ಚೂರುಗಳನ್ನು ಸೌಮ್ಯ ಅಸಿಟಿಕ್ ಆಮ್ಲದಲ್ಲಿ ಸುಮಾರು 18 ಗಂಟೆ ತಿರುಗಿಸುತ್ತಾರೆ. ಊರಿನ ಕಸದ ಗುಂಡಿಯ ಸ್ಥಿತಿಯನ್ನು ಅನುಕರಿಸಲು ರೂಪಿಸಿದ ಪರೀಕ್ಷೆಯಿದು. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಲೆನಾಡಿನ ಮಳೆ ದಶಕಗಳ ಕಾಲ ತೊಳೆಯುವುದನ್ನು 18 ಗಂಟೆ ಹೇಳಲಾರದು. ಬೇರೆ ಬೇರೆ ಆಮ್ಲ-ಕ್ಷಾರ ಮಟ್ಟಗಳಲ್ಲಿ, ದೀರ್ಘಕಾಲದ ನೀರಿನ ಹರಿವಿನಲ್ಲಿ ಪರೀಕ್ಷಿಸಿದ ಫಲಿತಾಂಶ ಬೇಕು.

ಇಂಗಾಲದ ಲೆಕ್ಕವೂ ಸರಳವಲ್ಲ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ತಯಾರಿಕೆಗೆ ಸಾಕಷ್ಟು ಶಕ್ತಿ ವ್ಯಯವಾಗುತ್ತದೆ. ಉಳಿತಾಯ ಶೇಕಡಾ 80 ಎಂದು ಹೇಳುವವರಿದ್ದಾರೆ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು, ಸಾಗಣೆ ಹಾಗೂ ಬಿಸಿಯಲ್ಲಿ ಹದಗೊಳಿಸುವ ಖರ್ಚನ್ನೂ ಸೇರಿಸಿ, ಸುಮಾರು ಶೇಕಡಾ 9 ಮಾತ್ರವೆಂದು ಕಂಡಿತು. ಚರ್ಮವನ್ನು ಸುಡುವ ಆ ದ್ರಾವಣವನ್ನು ಬರಿಗೈಯಲ್ಲಿ ಕಲಸುವ ಕೂಲಿಕಾರನ ಸುರಕ್ಷತೆಯನ್ನು ಈ ಯಾವ ಲೆಕ್ಕವೂ ಒಳಗೊಂಡಿಲ್ಲ.

ಆದುದರಿಂದ ಹಾರುಬೂದಿಯ ಇಟ್ಟಿಗೆ, ನೆಲಹಾಸು, ತ್ಯಾಜ್ಯ ಭರ್ತಿ ಎಂಬ ಪ್ರಸ್ತಾಪ ಗ್ರಾಮಸಭೆಯ ಮುಂದೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಈ ಬೂದಿಯಲ್ಲಿ ಯಾವ ಲೋಹ, ಯಾವ ರೂಪದಲ್ಲಿ, ಎಷ್ಟಿದೆ? ಯಾವ ಪರೀಕ್ಷೆ, ಎಷ್ಟು ಕಾಲ ನಡೆದಿದೆ? ಕ್ಷಾರ ಎಲ್ಲಿಂದ ಬರುತ್ತದೆ, ಕಲಸುವವರ ಕೈಗೆ ರಕ್ಷಣೆಯೇನು? ಉತ್ತರ ಬರಹದಲ್ಲಿ ಬರಲಿ. ತೃಪ್ತಿಕರವಾಗಿದ್ದರೆ ಈಗಾಗಲೇ ರಾಶಿಬಿದ್ದಿರುವ ಬೂದಿಗೆ ಒಳ್ಳೆಯ ಬಳಕೆ ದೊರೆತಂತಾಯಿತು. ಹೊಸ ಬೂದಿ ಸುರಿಯಲು ಅದು ನೆಪವಾಗಬಾರದು. ಉತ್ತರ ಬರುವವರೆಗೆ ಬಾವಿ, ಹಳ್ಳ, ತೋಟದ ಕೆರೆಗಳ ಸಮೀಪ ಅದನ್ನು ಹಾಕಲು ಒಪ್ಪಿಗೆ ಕೊಡದಿರುವುದೇ ವಿವೇಕ.