ಗಾಜಿನ ತೊಟ್ಟಿಯ ನೀರು, ಬೇಡ್ತಿಯ ನೀರು

(ಮನೆಯಲ್ಲಿ ಅಥವಾ ಶಾಲೆಯಲ್ಲಿ ಮೊದಲ ಬಾರಿಗೆ ಸಿಹಿನೀರಿನ ಅಕ್ವೇರಿಯಂ ಇಡಬಯಸುವ ಧಾರವಾಡದ ಪಾಲಕರು ಮತ್ತು ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರಗಳ ವಿಷಯ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬರು ಬಣ್ಣದ ಮೀನುಗಳ ಬಗ್ಗೆ ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಿರಬಹುದು. ಆದರೆ ಎರಡು ಅಡಿಯ ಗಾಜಿನ ತೊಟ್ಟಿಯೊಳಗೆ ನಡೆಯುವ ಮುಖ್ಯ ವ್ಯವಹಾರವು ಸಾರಜನಕದ ವ್ಯವಹಾರವೇ ಆಗಿದೆ. ಅದನ್ನು ಅರಿತವರ ಮನೆಯಲ್ಲಿ ಮೀನು ವರ್ಷಗಟ್ಟಲೆ ಬದುಕುತ್ತದೆ; ಅರಿಯದವರ ಮನೆಯಲ್ಲಿ ಎರಡು ವಾರದೊಳಗೆ ಸಾಯುತ್ತದೆ. ಸತ್ತ ಮೀನಿಗಾಗಿ ಅಂಗಡಿಯವರನ್ನು ದೂರುವುದು, ಇನ್ನೆರಡು ಜೋಡಿ ತಂದು ಬಿಡುವುದು, ಅವೂ ಸಾಯತೊಡಗಿದಾಗ ಬೇಸತ್ತು ತೊಟ್ಟಿಯನ್ನು ಅಟ್ಟಕ್ಕೇರಿಸಿ, ಉಳಿದ ಮೀನನ್ನು ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಮನೆಗೆ ಮರಳುವುದು, ಇದು ನಮ್ಮ ಊರುಗಳಲ್ಲಿ ಒಂದು ರೂಢಿಯಂತಾಗಿದೆ.

ಈ ಕೊನೆಯ ಕೆಲಸದಿಂದಾಗಿಯೇ ಮಲೆನಾಡಿನಲ್ಲಿ ವಾಸಿಸುವ ನನಗೆ ನಿಮ್ಮ ತೊಟ್ಟಿಯ ಚಿಂತೆ ಹತ್ತಿದೆ. ಧಾರವಾಡವು ನೀರು ಎರಡಾಗಿ ಒಡೆಯುವ ಏರಿನ ಮೇಲೆ ಕುಳಿತ ಊರು. ಪೂರ್ವಕ್ಕೆ ಸಾಗುವ ಬೆಣ್ಣಿಹಳ್ಳವು ಮಲಪ್ರಭೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯಾದರೋ ಬೇಡ್ತಿಯನ್ನು ಕೂಡಿ, ಯಲ್ಲಾಪುರದ ಕಾಡುಗಳನ್ನು ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಹುಬ್ಬಳ್ಳಿಗೆ ದಶಕಗಳ ಕಾಲ ನೀರುಣಿಸಿದ ನೀರಸಾಗರವೂ ಬೇಡ್ತಿಯದೇ. ಮಳೆಗಾಲದಲ್ಲಿ ಈ ಕಡೆಯ ಕೆರೆಯೊಂದು ಕೋಡಿ ಬಿದ್ದರೆ ಅದರೊಳಗಿನ ಮೀನಿಗೆ ಪಶ್ಚಿಮಘಟ್ಟದ ದಾರಿ ತೆರೆದಂತೆ. ಈ ವಿಷಯಕ್ಕೆ ಮರಳಿ ಬರುತ್ತೇನೆ, ಮೊದಲು ತೊಟ್ಟಿ.

ಗುಂಡು ಗಾಜಿನ ಬಟ್ಟಲನ್ನು ಕೊಳ್ಳಬೇಡಿ. ಅದರಲ್ಲಿ ನೀರು ಅತ್ಯಲ್ಪ, ಗಾಳಿಗೆ ತೆರೆದ ಮೈ ಇನ್ನೂ ಅಲ್ಪ. ಹೊಸಬರಿಗೆ ಸಣ್ಣ ತೊಟ್ಟಿ ಸುಲಭವೆಂಬುದು ತಪ್ಪು ತಿಳಿವಳಿಕೆ. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರ್ ಹಿಡಿಯುತ್ತದೆ. ಹರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 45 ಲೀಟರ್ ನಿಲ್ಲುತ್ತದೆ. ಗಾಜು, ಹರಳು ಸೇರಿ ಅದರ ತೂಕ 60–70 ಕಿಲೋ ಆಗುವುದರಿಂದ ಟಿ.ವಿ. ಇಡುವ ತೆಳು ಹಲಗೆ ಸಾಲದು. ಅಡಿಗೆ ಥರ್ಮಕೋಲಿನ ಹಾಳೆ ಇರಲಿ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿಯನ್ನು ಸಾಕಿದಂತಾಗುತ್ತದೆ.

ತಳಕ್ಕೆ ಹಾಸುವ ಹರಳಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು. ನೀರನ್ನು ಕ್ಷಾರೀಯಗೊಳಿಸುತ್ತಲೇ ಇರುತ್ತದೆ. ಅದು ಬೇಡ.

ಈಗ ಮುಖ್ಯ ಮಾತು. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಬೀಳುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಕೂಡ ಅಮೋನಿಯಾವನ್ನೇ ಕೊಡುತ್ತವೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅದನ್ನು ತಿಂದು ಬದುಕುವ ಸೂಕ್ಷ್ಮಾಣುಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಬಹುಮಟ್ಟಿಗೆ ನಿರುಪದ್ರವಿ, ಗಿಡಕ್ಕಂತೂ ಊಟ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ; ಅದೇ ಹೊತ್ತಿಗೆ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಮಣ್ಣಿನಲ್ಲಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸುತ್ತಿದ್ದರು. ನಮ್ಮ ಗೋವಿನಜೋಳದ ಹೊಲಕ್ಕೆ ಹಾಕಿದ ಸಗಣಿಗೊಬ್ಬರವನ್ನು ಬೆಳೆಗೆ ಉಣಬಡಿಸುವಲ್ಲಿಯೂ ಇದೇ ಬಳಗದ ಪಾತ್ರವಿದೆ.

ಹೊಸ ತೊಟ್ಟಿಯಲ್ಲಿ ಈ ಬಳಗವಿಲ್ಲ. ಗಾಜು ಹೊಳೆಯುತ್ತದೆ, ನೀರು ತಿಳಿಯಾಗಿದೆ, ಮಕ್ಕಳು ಅವಸರಪಡಿಸುತ್ತಾರೆ, ಅದೇ ಸಂಜೆ ಹತ್ತು ಮೀನು ಬಂದಿಳಿಯುತ್ತವೆ. ಒಂದು ವಾರದೊಳಗೆ ಅಮೋನಿಯಾ ಏರುತ್ತದೆ, ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ. ಆದ್ದರಿಂದ ತೊಟ್ಟಿಯನ್ನು ಮೀನಿಲ್ಲದೆಯೇ ನಾಲ್ಕರಿಂದ ಆರು ವಾರ ನಡೆಸಬೇಕು. ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜಿನ ಫಿಲ್ಟರ್ ಹಗಲಿರುಳೂ ಓಡುತ್ತಿರಲಿ. ದಿನಕ್ಕೊಮ್ಮೆ ಮೀನಿನ ಆಹಾರವನ್ನು ಒಂದು ಚಿಟಿಕೆ ಉದುರಿಸಿ. ಅದು ಕೊಳೆತು ಅಮೋನಿಯಾವಾಗಲಿ, ಸೂಕ್ಷ್ಮಾಣುಗಳು ಸ್ಪಂಜಿನಲ್ಲಿ ಮನೆ ಮಾಡಲಿ. ಪರೀಕ್ಷೆಯ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿದ ದಿನ ತೊಟ್ಟಿ ಸಿದ್ಧವಾಯಿತೆಂದು ತಿಳಿಯಿರಿ. ಬೇಗವಾಗಬೇಕೆಂದರೆ ಹಾಲಿಗೆ ಹೆಪ್ಪು ಹಾಕುವ ಉಪಾಯವೇ ಇಲ್ಲಿಯೂ ನಡೆಯುತ್ತದೆ: ರೋಗವಿಲ್ಲದ ಹಳೆಯ ತೊಟ್ಟಿಯೊಂದರ ಕೊಳಕು ಸ್ಪಂಜನ್ನು ತಂದು ನಿಮ್ಮ ನೀರಿನಲ್ಲಿ ಹಿಂಡಿರಿ. ಮುಂದೆ ಸ್ಪಂಜನ್ನು ತೊಳೆಯುವಾಗಲೂ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ. ನಲ್ಲಿಯ ಕ್ಲೋರಿನ್ ಇರುವುದೇ ಸೂಕ್ಷ್ಮಾಣುಗಳನ್ನು ಕೊಲ್ಲಲು. ಒಳ್ಳೆಯವು ಕೆಟ್ಟವು ಎಂಬ ಭೇದ ಅದಕ್ಕಿಲ್ಲ.

ನೀರಿನ ವಿಚಾರದಲ್ಲಿ ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಅನುಕೂಲವಿದೆ, ಅದು ಕಷ್ಟದಿಂದ ಬಂದದ್ದು. ದಿನಗಟ್ಟಲೆ ನಲ್ಲಿಗೆ ಕಾದು ಅಭ್ಯಾಸವಾದ ಈ ಊರುಗಳಲ್ಲಿ ಬ್ಯಾರಲ್ ಇಲ್ಲದ ಮನೆ ಅಪರೂಪ. ಮಲಪ್ರಭೆಯ ನಲ್ಲಿ ನೀರನ್ನು ಬಾಯಿ ತೆರೆದ ಬ್ಯಾರಲ್ಲಿನಲ್ಲಿ ಒಂದೆರಡು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಿರಿ.

ಕೊಳವೆಬಾವಿಯ ನೀರಾದರೆ ಎಚ್ಚರ ಬೇಕು. ಅಮೋನಿಯಾಕ್ಕೆ ಎರಡು ರೂಪಗಳಿವೆ. ಮೀನನ್ನು ಕೊಲ್ಲುವುದು ಅನಿಲರೂಪದ್ದು. 25 ಡಿಗ್ರಿ ಉಷ್ಣತೆಯಲ್ಲಿ, ರಸಸಾರ ಅಂದರೆ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಈ ಪಾಲು ಶೇಕಡಾ ಅರ್ಧದಷ್ಟು. 8 ಆದಾಗ ಶೇಕಡಾ 5ನ್ನು ಮೀರುತ್ತದೆ. ಎರೆಹೊಲದಲ್ಲಿ ಯೂರಿಯಾವನ್ನು ಮಣ್ಣಿನ ಮೇಲೆಯೇ ಎರಚಿದರೆ ಅರ್ಧ ಗೊಬ್ಬರ ಗಾಳಿಗೆ ಹೋಯಿತೆಂದು ರೈತರು ಗೊಣಗುತ್ತಾರಲ್ಲ, ಅದರ ಹಿಂದಿರುವುದು ಇದೇ ರಸಾಯನಶಾಸ್ತ್ರ. ಅಲ್ಲಿ ನಷ್ಟ ಚೀಲದ ಲೆಕ್ಕದಲ್ಲಿ, ಇಲ್ಲಿ ಜೀವದ ಲೆಕ್ಕದಲ್ಲಿ. ಗಡಸು, ಕ್ಷಾರೀಯ ನೀರಿನವರು ಮೀನುಗಳ ಸಂಖ್ಯೆಯಲ್ಲಿ ಇನ್ನಷ್ಟು ಜಿಪುಣರಾಗಬೇಕು.

ಯಾವ ಮೀನು? ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಗೋಲ್ಡ್‌ಫಿಶ್ ಈ ತೊಟ್ಟಿಗೆ ತಕ್ಕದ್ದಲ್ಲ. ಅದು ಗೆಂಡೆಯ ಜಾತಿ. ಗೇಣುದ್ದ ಬೆಳೆದು ಹತ್ತಾರು ವರ್ಷ ಬದುಕಬಲ್ಲದು, ತಿನ್ನುವುದೂ ಹೊಲಸು ಮಾಡುವುದೂ ಹೆಚ್ಚು. ಗಡಸು ನೀರಿದ್ದವರಿಗೆ ಐದಾರು ಗಪ್ಪಿಗಳು ಸಾಕು. ಗಂಡುಗಳನ್ನಷ್ಟೇ ತನ್ನಿ, ಹೆಣ್ಣು ಸೇರಿದರೆ ತಿಂಗಳಿಗೊಮ್ಮೆ ಮರಿಗಳು, ಮರಿಗಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ. ನನ್ನ ಆಯ್ಕೆ ಕೇಳಿದರೆ ಆರು ಜೀಬ್ರಾ ಡ್ಯಾನಿಯೋ. ಅದು ಭಾರತದ್ದೇ ಮೀನು, ತಂಪನ್ನೂ ತಾಳಿಕೊಳ್ಳುತ್ತದೆ. ಡಿಸೆಂಬರ್-ಜನವರಿಯ ಧಾರವಾಡದ ಬೆಳಗಿಗೆ ಬೆದರುವುದಿಲ್ಲ. 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, 1801ರಲ್ಲಿ ನಮ್ಮ ಕೆನರಾ ಸೀಮೆಯಲ್ಲಿ ಅಡಿಕೆ ತೋಟ, ಮೆಣಸಿನ ಬಳ್ಳಿಗಳ ಲೆಕ್ಕ ಬರೆಯುತ್ತ ತಿರುಗಿದ ಬುಕಾನನ್. ಇದು ಜಿಗಿಯುವ ಮೀನು, ತೊಟ್ಟಿಗೆ ಮುಚ್ಚಳ ಬೇಕು. ಮೊದಲ ವಾರ ಮೂರು, ಎರಡು ವಾರ ಬಿಟ್ಟು ಇನ್ನು ಮೂರು ತನ್ನಿ. ಸೂಕ್ಷ್ಮಾಣುಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬೆಳೆಯಬೇಕಲ್ಲವೇ? ತಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮೀನನ್ನು ಬಲೆಯಿಂದೆತ್ತಿ ಬಿಡಿ.

‘ಮಿಸ್ ಕೇರಳ’ ಎಂದು ಮಾರುವ ಕೆಂಪುಗೆರೆಯ ಮೀನನ್ನು ಯಾರಾದರೂ ತೋರಿಸಿದರೆ ಮುಂದೆ ಸಾಗಿರಿ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ ಆ ಮೀನು ಬಣ್ಣದ ಮೀನಿನ ವ್ಯಾಪಾರಕ್ಕೆ ಸಿಕ್ಕಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಜಾತಿ ಎನಿಸಿಕೊಂಡಿದೆ. ಗುಂಪಿನಲ್ಲಿ ವೇಗವಾಗಿ ಈಜುವ ಅದಕ್ಕೆ ಎರಡು ಅಡಿಯ ತೊಟ್ಟಿ ಸೆರೆಮನೆ.

ಆರೈಕೆ ಹೆಚ್ಚಿಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ದಿನಕ್ಕೊಮ್ಮೆ. ವಾರಕ್ಕೊಂದು ದಿನ ಉಪವಾಸವಾದರೂ ಚಿಂತೆಯಿಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇದೆ, ಕರಿಬೇವಿನ ಬುಡಕ್ಕೆ ಹಾಕಿ. ವಿದ್ಯುತ್ ಹೋದರೆ ಲೋಟದಲ್ಲಿ ನೀರನ್ನೆತ್ತಿ ಎತ್ತರದಿಂದ ಮತ್ತೆ ಸುರಿಯುತ್ತಿರಿ, ಪ್ರಾಣವಾಯು ಕರಗುತ್ತದೆ.

ಇನ್ನು ಕೆರೆಯ ಮಾತು. ಉಣಕಲ್ಲ ಕೆರೆಯನ್ನು ಮತ್ತೆ ಮತ್ತೆ ಮುತ್ತಿದ ನೇರಳೆ ಹೂವಿನ ಜಲಕಳೆಯನ್ನು ನೀವೆಲ್ಲ ನೋಡಿದ್ದೀರಿ. ದಕ್ಷಿಣ ಅಮೆರಿಕದ ಆ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತಕ್ಕೆ ತಂದದ್ದು ಹೂವಿನ ಅಂದಕ್ಕಾಗಿ. ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಸಕ್ಕರ್ ಮೀನೂ ಅದೇ ಖಂಡದ್ದು. ಬೆರಳುದ್ದ ಬಂದದ್ದು ಮೊಳದುದ್ದಕ್ಕೆ ಬೆಳೆಯಬಲ್ಲದು. ತೊಟ್ಟಿ ಸಾಲದಾದಾಗ ಕೆರೆಗೆ ಬೀಳುತ್ತದೆ. ಮೈಯೆಲ್ಲ ಗಡಸು ಕವಚ, ಬಲೆ ಹರಿಯುವ ಮುಳ್ಳು. ಆಂಧ್ರ, ತೆಲಂಗಾಣಗಳ ಮೀನುಗಾರರು ಅದನ್ನು ದೆವ್ವದ ಮೀನೆಂದೇ ಕರೆಯುತ್ತಾರೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತಾದರೂ ಅಷ್ಟರಲ್ಲಿ ಅದು ನಮ್ಮ ನೀರುಗಳನ್ನು ಹೊಕ್ಕಾಗಿತ್ತು. ಹೊಳೆಗೆ ಇಳಿದ ಮೀನನ್ನು ಯಾವ ಆದೇಶವೂ ಹಿಂದಕ್ಕೆ ಕರೆಯಲಾರದು.

ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ತೊಟ್ಟಿಯಿರುವ ಇನ್ನೊಂದು ಮನೆಗೆ, ಶಾಲೆಗೆ ಕೊಡಿ. ಕೊಳ್ಳುವ ಮೊದಲೇ ಅಂಗಡಿಯವರನ್ನು ಈ ವಿಷಯ ಕೇಳಿಟ್ಟುಕೊಳ್ಳಿ. ತೊಟ್ಟಿ ಕಳಚುವ ದಿನ ನೀರನ್ನು ಗಟಾರಕ್ಕಲ್ಲ, ಹಿತ್ತಲ ಮಣ್ಣಿಗೆ ಚೆಲ್ಲಿರಿ. ಬಸವನಹುಳುವಿನ ಮೊಟ್ಟೆಗಳು ಸಾಗದಂತೆ ಗಿಡಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಿರಿ.