ಕುರುವಿನ ಆರೈಕೆ



ಹುಮನಾಬಾದ ತಾಲ್ಲೂಕಿನ ಹುಡಗಿಯಂತಹ ಗ್ರಾಮಗಳಲ್ಲಿ, ಹೊಲದಲ್ಲಿ ದುಡಿಯುವವನ ಅಂಗಾಲಿಗೆ ಜಾಲಿಯ ಮುಳ್ಳು ನೆಡುವುದು ಹೊಸ ಮಾತಲ್ಲ. ನಾಲ್ಕಾರು ದಿನಗಳಲ್ಲಿ ಅಲ್ಲಿ ಬಾವೆದ್ದು, ಕೆಂಪೇರಿ, ಮಿಡಿಯತೊಡಗುವುದೂ ಉಂಟು. ಆಗ ಒಬ್ಬರು ಸೂಜಿಯಿಂದ ಚುಚ್ಚೆನ್ನುವರು, ಮತ್ತೊಬ್ಬರು ಹಿಂಡಿಬಿಡೆನ್ನುವರು. ಈ ಎರಡು ಸಲಹೆಗಳೂ ಅಪಾಯಕರವಾದುವು.

ಕೀವೆಂದರೇನು? ಚರ್ಮದೊಳಗೆ ಹೊಕ್ಕ ಸೂಕ್ಷ್ಮಜಂತುಗಳೊಡನೆ ಹೋರಾಡಿ ಮಡಿದ ರಕ್ತದ ಬಿಳಿಯ ಕಣಗಳೇ ಅದರಲ್ಲಿ ಬಹುಪಾಲು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಆಗ್‌ಸ್ಟನ್ನನು ಕೀವಿನಲ್ಲಿ ದ್ರಾಕ್ಷಿಯ ಗೊಂಚಲಿನಂತಿದ್ದ ಜಂತುಗಳನ್ನು ಕಂಡು, 1882ರಲ್ಲಿ ಅವಕ್ಕೆ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟನು. ಈ ಶತ್ರುಗಳು ಹರಡದಂತೆ ಶರೀರವು ಕೀವಿನ ಸುತ್ತಲೂ ಒಂದು ಗೋಡೆಯನ್ನು ಕಟ್ಟುತ್ತದೆ. ಹಿಂಡಿದರೆ ಆ ಗೋಡೆ ಒಡೆದು ವಿಷವು ಒಳಕ್ಕೆ ನುಗ್ಗೀತು. ಅದೇ ಗೋಡೆಯ ದೆಸೆಯಿಂದ, ನುಂಗಿದ ಔಷಧಿಯೂ ಒಳಗಣ ಕೀವನ್ನು ಸರಿಯಾಗಿ ಮುಟ್ಟಲಾರದು. ಆದುದರಿಂದ ದೊಡ್ಡ ಕುರುವಿಗೆ ಮಾತ್ರೆಯೊಂದೇ ಸಾಲದು, ಕೀವು ಹೊರಬರಲೇಬೇಕು.

ಇದನ್ನು ನಮ್ಮ ಹಿರಿಯರೂ ಬಲ್ಲರು. ಸುಶ್ರುತಸಂಹಿತೆಯು ಬಾವನ್ನು ಆಮ, ಪಚ್ಯಮಾನ, ಪಕ್ವವೆಂದು ಮೂರು ಅವಸ್ಥೆಗಳಾಗಿ ವಿಂಗಡಿಸಿ, ಹಣ್ಣಾಗದುದನ್ನು ಕೊಯ್ಯುವುದೂ ಹಣ್ಣಾದುದನ್ನು ಉಪೇಕ್ಷಿಸುವುದೂ ತಪ್ಪೆಂದು ಸಾರುತ್ತದೆ. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಬಾವನ್ನು ಲಿಸ್ಟರನು ಕಾರ್ಬಾಲಿಕ್ ಆಮ್ಲವನ್ನು ಸಿಂಪಡಿಸಿ ಕೊಯ್ದು, ಕೀವು ಹರಿದುಹೋಗಲು ರಬ್ಬರಿನ ನಳಿಗೆಯನ್ನಿಟ್ಟನು. ರಾಣಿಗಾದರೂ ಶಸ್ತ್ರವೇ ಬೇಕಾಯಿತು. ಶಸ್ತ್ರಕ್ಕೆ ಶುದ್ಧಿ ಬೇಕಾಯಿತು.

ಮನೆಯಲ್ಲಿ ಮಾಡತಕ್ಕುದಿಷ್ಟೆ: ಚಿಕ್ಕ ಕುರುವಿಗೆ ಶುಭ್ರವಾದ ಬಟ್ಟೆಯನ್ನು ಸುಡದಷ್ಟು ಬಿಸಿನೀರಿನಲ್ಲಿ ಅದ್ದಿ, ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ನಿಮಿಷ ಶಾಖ ಕೊಡಿರಿ. ತಾನಾಗಿ ಒಡೆದರೆ ಒರಸಿ, ಶುದ್ಧವಾದ ಬಟ್ಟೆಯಿಂದ ಮುಚ್ಚಿರಿ. ಮುಟ್ಟುವ ಮೊದಲೂ ಅನಂತರವೂ ಸಾಬೂನಿನಿಂದ ಕೈ ತೊಳೆಯಿರಿ. ಸಗಣಿ, ಬೂದಿ, ಸುಣ್ಣಗಳನ್ನು ಮೆತ್ತಬೇಡಿರಿ.

ಆದರೆ ಜ್ವರ ಬಂದರೆ, ಕೆಂಪು ಹರಡಿದರೆ, ಬಾವು ದೊಡ್ಡದಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮೂಗು, ಮೇಲ್ದುಟಿಗಳ ಬಳಿಯ ಕುರುವನ್ನು ಎಂದಿಗೂ ಹಿಸುಕಕೂಡದು. ಅಲ್ಲಿಯ ರಕ್ತನಾಳಗಳ ಮಾರ್ಗವಾಗಿ ನಂಜು ಮೆದುಳಿನತ್ತ ಸಾಗಬಹುದು. ಸಕ್ಕರೆರೋಗವುಳ್ಳವರಿಗೂ ಗುದದ್ವಾರದ ಬಳಿ ಬಾವೆದ್ದವರಿಗೂ ಮನೆಮದ್ದು ಸಲ್ಲದು. ಬಾಣಂತಿಯ ಸ್ತನ ಗಟ್ಟಿಯಾಗಿ ನೋಯುತ್ತಿದ್ದರೆ, ಹಾಲೂಡಿಸುವುದನ್ನು ತಟ್ಟನೆ ನಿಲ್ಲಿಸದೆ ವೈದ್ಯರ ಸಲಹೆಯನ್ನು ಪಡೆಯಬೇಕು. ನಾಚಿಕೆಯಿಂದ ಮುಚ್ಚಿಟ್ಟ ಬಾವು ಪ್ರಾಣಕ್ಕೇ ಮುಳುವಾದೀತು.

ವೈದ್ಯರು ಜಾಗವನ್ನು ಮರಗಟ್ಟಿಸಿ ಕೊಯ್ದು ಕೀವನ್ನು ತೆಗೆಯುವರು. ಆ ಗಾಯವನ್ನು ಬಹುಮಟ್ಟಿಗೆ ಹೊಲಿಯದೆ ಬಿಡುವುದು ಅಲಕ್ಷ್ಯವಲ್ಲ. ಅದು ತಳದಿಂದ ಮೇಲಕ್ಕೆ ಮಾಯಬೇಕು, ಮೇಲೆ ಬೇಗನೆ ಮುಚ್ಚಿದರೆ ಒಳಗೆ ಮತ್ತೆ ಕೀವು ಕಟ್ಟೀತು. ಹೇಳಿದ ದಿನ ಹೋಗಿ ಪಟ್ಟಿಯನ್ನು ಬದಲಿಸಿಕೊಳ್ಳುವುದೂ ಚಿಕಿತ್ಸೆಯ ಅಂಗವೇ. ಕೀವು ಹೊರಬರಲಿ, ಆದರೆ ಸಕಾಲದಲ್ಲಿ, ಬಲ್ಲವರ ಶುದ್ಧವಾದ ಕೈಯಿಂದ ಬರಲಿ.