ಚಿಕಿತ್ಸೆಯ ಕಾಲವೂ ವರ್ಣಭೇದವೂ



ಮುಪ್ಪಿನಲ್ಲಿ ಕಾಲುಜಾರಿ ಬಿದ್ದು ತೊಡೆಮೂಳೆಯ ಕತ್ತನ್ನು ಮುರಿದುಕೊಂಡವರನ್ನು ಕಂಡವರು ಬಲ್ಲರು: ಆ ಕಾಲು ಗಿಡ್ಡವಾಗಿ, ಪಾದವು ಹೊರಮಗ್ಗುಲಿಗೆ ತಿರುಗಿರುತ್ತದೆ, ಹೊರಳಲಾರದೆ ಮಲಗಿದಷ್ಟು ಹೊತ್ತೂ ಶ್ವಾಸಕೋಶದಲ್ಲಿ ಕಫ ಕಟ್ಟುವ, ಬೆನ್ನಿನಲ್ಲಿ ಹುಣ್ಣೇಳುವ, ರಕ್ತವು ನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಬೆಳೆಯುತ್ತಲೇ ಹೋಗುತ್ತದೆ. ಆದುದರಿಂದಲೇ ಒಂದೆರಡು ದಿವಸಗಳೊಳಗೆ ಶಸ್ತ್ರಚಿಕಿತ್ಸೆಯಾಗತಕ್ಕದ್ದೆಂದು ವೈದ್ಯಶಾಸ್ತ್ರವು ವಿಧಿಸುತ್ತದೆ. ಇಂತಹ ಅಮೂಲ್ಯವಾದ ಕಾಲವು ಎಲ್ಲ ಜನಾಂಗದವರಿಗೂ ಸಮನಾಗಿ ದೊರೆಯುತ್ತಿದೆಯೇ ಎಂಬ ಪ್ರಶ್ನೆಯನ್ನು ಅಮೆರಿಕ ದೇಶದ ಅನುಭವದಿಂದ ವಿಚಾರಿಸೋಣ.

1946ರ ಹಿಲ್-ಬರ್ಟನ್ ಶಾಸನವು ಬಿಳಿಯರಿಗೂ ಕಪ್ಪು ಜನರಿಗೂ ಬೇರೆಬೇರೆ ಆಸ್ಪತ್ರೆಗಳನ್ನು ಸರ್ಕಾರದ ಹಣದಿಂದಲೇ ಕಟ್ಟಲು ಎಡೆಗೊಟ್ಟಿತ್ತು. 1964ರ ನಾಗರಿಕ ಹಕ್ಕುಗಳ ಶಾಸನವೂ, ವೃದ್ಧರ ಚಿಕಿತ್ಸೆಗೆ ಸರ್ಕಾರವೇ ಹಣ ಕೊಡುವ ಮರುವರ್ಷದ ಮೆಡಿಕೇರ್ ಯೋಜನೆಯೂ ಒಂದುಗೂಡಿ, ಭೇದವೆಣಿಸುವ ಆಸ್ಪತ್ರೆಗೆ ಹಣವಿಲ್ಲವೆಂದು ಸಾರಿದ ಮೇಲೆ ಬಾಗಿಲುಗಳೇನೋ ತೆರೆದುವು; ಆದರೆ ಬಾಗಿಲನ್ನು ದಾಟಿದ ಬಳಿಕ ದೊರೆಯುವ ಉಪಚಾರವೂ ಕಾಯಬೇಕಾದ ಹೊತ್ತೂ ಸಮವಾಗಲಿಲ್ಲ.

ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ ಕೈಕಾಲಿನ ಉದ್ದನೆಯ ಮೂಳೆ ಮುರಿದು ಬಂದವರನ್ನು ಕುರಿತು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಸ್ಪ್ಯಾನಿಕ್ ರೋಗಿಗಳ ಪೈಕಿ ನೂರಕ್ಕೆ 55 ಮಂದಿಗೆ ನೋವಿನ ಔಷಧವೇ ದೊರೆತಿರಲಿಲ್ಲ. ಬಿಳಿಯರಲ್ಲಿ ಹಾಗಾದವರು 26 ಮಂದಿ. 2000ದಲ್ಲಿ ಪ್ರಕಟವಾದ ಅಟ್ಲಾಂಟದ ಅಧ್ಯಯನದಲ್ಲಿ ಕಪ್ಪು ಜನರ ಪೈಕಿ ಔಷಧವಿಲ್ಲದವರು ನೂರಕ್ಕೆ 43; ಬಿಳಿಯರು ಅಲ್ಲಿಯೂ 26. ನೋಡಿರಿ, ಆಸ್ಪತ್ರೆಯ ದಾಖಲೆಯಲ್ಲಿ ಇಬ್ಬರ ನೋವೂ ಸಮನಾಗಿಯೇ ಬರೆಯಲ್ಪಟ್ಟಿತ್ತು! ನ್ಯೂಯಾರ್ಕ್ ರಾಜ್ಯದ ದಾಖಲೆಗಳನ್ನು ಶೋಧಿಸಿದವರಿಗೆ, ಮೊದಲು ಹೇಳಿದ ತೊಡೆಮೂಳೆಯ ಕತ್ತಿನ ಮುರಿತದಂತಹ ಸೊಂಟದ ಮೂಳೆಮುರಿತದ ಶಸ್ತ್ರಚಿಕಿತ್ಸೆಯೂ ಕಪ್ಪು ಜನರಿಗೆ ತಡವಾಗುವುದೇ ಹೆಚ್ಚೆಂದು ಕಂಡುಬಂದಿತು.

ಬಡತನವೂ ವಿಮೆಯಿಲ್ಲದಿರುವಿಕೆಯೂ ಇದಕ್ಕೆ ಕಾರಣವೆಂಬುದು ನಿಜ, ಆದರೆ ಪೂರ್ಣಸತ್ಯವಲ್ಲ. ಆದಾಯವೂ ವಿಮೆಯೂ ಸಮನಾಗಿದ್ದಲ್ಲಿಯೂ ಚಿಕಿತ್ಸೆಯಲ್ಲಿ ಅಂತರವುಳಿಯುತ್ತದೆಂದು ಆ ದೇಶದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2002ರಲ್ಲಿಯೇ ನಿರ್ಣಯಿಸಿತು. ದ್ವೇಷವನ್ನರಿಯದ ವೈದ್ಯನ ಕೈಯಿಂದಲೂ, ಆತುರದ ಗಳಿಗೆಯಲ್ಲಿ, ಮನಸ್ಸಿನಾಳದ ಪೂರ್ವಗ್ರಹವು ತನ್ನ ಕೆಲಸವನ್ನು ಮಾಡಿಸಿಬಿಡುತ್ತದೆ.

ಆದುದರಿಂದ ಸದ್ಭಾವನೆಯೊಂದೇ ಸಾಲದು, ಲೆಕ್ಕವೂ ಬೇಕು. ಇಂಗ್ಲೆಂಡಿನಲ್ಲಿ 2007ರಿಂದ ಸೊಂಟದ ಮೂಳೆಮುರಿತಗಳ ರಾಷ್ಟ್ರೀಯ ದಾಖಲೆಯನ್ನಿಟ್ಟು, 36 ಗಂಟೆಗಳೊಳಗಿನ ಶಸ್ತ್ರಚಿಕಿತ್ಸೆಯೇ ಮೊದಲಾದ ನಿಯಮಗಳನ್ನು ಪಾಲಿಸಿದ ಆಸ್ಪತ್ರೆಗೆ 2010ರಿಂದ ಅಧಿಕ ಹಣ ಸಲ್ಲುವಂತೆ ಮಾಡಿದರು. ಅಮೆರಿಕದ ಪ್ರತಿಯೊಂದು ಆಸ್ಪತ್ರೆಯೂ ರೋಗಿ ಬಂದ ಗಳಿಗೆಯನ್ನೂ ಶಸ್ತ್ರಚಿಕಿತ್ಸೆಯ ಗಳಿಗೆಯನ್ನೂ ಜನಾಂಗವಾರಾಗಿ ಬರೆದಿಟ್ಟು ವರ್ಷವರ್ಷವೂ ಪ್ರಕಟಿಸಲಿ. ಅಂತರವೆಲ್ಲಿದೆಯೆಂದು ಜನರು ಕೇಳುವಂತಾದಾಗಲೇ ಅದನ್ನಳಿಸುವ ಹೊಣೆ ಆಸ್ಪತ್ರೆಯ ಮೇಲೆ ಬೀಳುವುದು.